ಜೀವಕೋಶದ ಓಲೆಕಾರ

2021ರ ಏಪ್ರಿಲ್ ತಿಂಗಳ ಒಂದು ರವಿವಾರ ಬೆಳಿಗ್ಗೆ ನಮ್ಮ ಅತ್ತೆಯವರ ಫೋನು ಬಂತು. ಅವರು ಆಗ ಅಮೆರಿಕದಲ್ಲಿದ್ದರು. ಸೊಸೆಯ ಬಾಣಂತನಕ್ಕೆಂದು 2020ರ ಫೆಬ್ರವರಿಯಲ್ಲಿ ಹೋದವರು, ಮಾರ್ಚಿನಲ್ಲಿ ವಿಮಾನಗಳು ನಿಂತು, ಆಮೇಲೆ ಬರಲು ಧೈರ್ಯ ಸಾಲದೆ ಮಗನ ಮನೆಯಲ್ಲೇ ಉಳಿದುಕೊಂಡಿದ್ದರು. ಈಗ ಲಸಿಕೆಯ ಸರದಿ ಬಂದಿತ್ತು.

"ಅಲ್ರೀ ಅಳಿಯಂದಿರ, ಇಲ್ಲಿ ಕೊಡೂ ಲಸಿಕಿ ನಮ್ಮ ದೇಶದಾಗಿನಂಥಾದ್ದು ಅಲ್ಲಂತ. ಮನಿಷಾನ ಹುಟ್ಟುಗುಣಾನ ಬದಲ ಮಾಡತೈತಿ ಅಂತ ಹುಬ್ಬಳ್ಳಿಯಿಂದ ನಮ್ಮ ತಂಗಿ ಹೇಳ್ಯಾಳ. ನೀವು ಬಿ.ಎಸ್ಸಿ. ಓದೀರಿ. ಹೇಳ್ರಿ, ಹಾಕಿಸ್ಕೊಳ್ಲೋ ಬ್ಯಾಡೋ?"

"ಹಾಕಿಸ್ಕೊಳ್ರಿ ಅತ್ತಿ, ಏನೂ ಆಗೂದಿಲ್ಲ" ಎಂದೆ.

"ಏನೂ ಆಗೂದಿಲ್ಲ ಅಂದ್ರ ಹೆಂಗ? ಅದು ಒಳಗ ಹೋಗಿ ಏನು ಮಾಡತೈತಿ ಅನ್ನೂದನ್ನ ಹೇಳ್ರಿ."

ನಾನು ಕೆಮ್ಮಿದೆ. ಲೈನು ಸರಿಯಾಗಿ ಕೇಳುತ್ತಿಲ್ಲವೆಂದು ನಟಿಸಿದೆ. ಬಿ.ಎಸ್ಸಿ.ಯಲ್ಲಿ ನಾನು ಓದಿದ್ದು ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ. ಡಿ.ಎನ್.ಎ., ಅದರ ಮುಂದೆ ಬಾಣ, ಆರ್.ಎನ್.ಎ., ಅದರ ಮುಂದೆ ಇನ್ನೊಂದು ಬಾಣ, ಪ್ರೋಟೀನು. ಈ ಮೂರು ಚೌಕಗಳನ್ನು ಬರೆದು ಹತ್ತು ಅಂಕ ಗಿಟ್ಟಿಸಿದ್ದೆನೇ ಹೊರತು ಆ ಬಾಣಗಳಲ್ಲಿ ಏನಿದೆಯೆಂದು ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಪದವಿ ಮುಗಿದ ಮೇಲೆ ಪರೀಕ್ಷೆ ಕಟ್ಟಿ ಕೇಂದ್ರ ಸರ್ಕಾರದ ಗುಮಾಸ್ತನಾಗಿ ಪುಣೆಗೆ ಬಂದವನು, ಇಷ್ಟು ವರ್ಷ ಕಡತಗಳಲ್ಲೇ ಮುಳುಗಿದ್ದೇನೆ. ಅತ್ತೆಯವರು ಲಸಿಕೆ ಹಾಕಿಸಿಕೊಂಡರು, ಒಂದು ದಿನ ಜ್ವರ ಬಂತು, ಹೋಯಿತು. ಆದರೆ ಹೆದರಿದ ಹಿರಿಯರೊಬ್ಬರು ನೇರವಾಗಿ ಪ್ರಶ್ನೆ ಕೇಳಿದಾಗ ಸುಳ್ಳೇ ಕೆಮ್ಮಿದ ನಾಚಿಕೆ ನನ್ನಲ್ಲಿ ಉಳಿಯಿತು. ಆಮೇಲೆ ಬಿಡುವಿದ್ದಾಗಲೆಲ್ಲ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮಲ್ಲಿ ಅನೇಕರ ಮಕ್ಕಳು ಹೊರದೇಶಗಳಲ್ಲಿದ್ದಾರೆ. ಈ ಪ್ರಶ್ನೆ ನನ್ನೊಬ್ಬನ ಮನೆಗೆ ಬಂದದ್ದಾಗಿರಲಾರದು.

ಮೊದಲು ನಮ್ಮ ಕಚೇರಿಯ ಮಾತಿನಲ್ಲೇ ಹೇಳಿಬಿಡುತ್ತೇನೆ. ಯಾವ ಕಚೇರಿಯಲ್ಲಾದರೂ ಮೂಲ ದಾಖಲೆಗಳಿರುವ ಒಂದು ರೆಕಾರ್ಡ್ ರೂಮು ಇರುತ್ತದೆ. ಮೂಲ ಕಡತವನ್ನು ಅಲ್ಲಿಂದ ಹೊರಗೆ ಬಿಡುವುದಿಲ್ಲ. ಕೆಲಸ ನಡೆಯುವುದು ಹೊರಗಿನ ಮೇಜುಗಳಲ್ಲಿ. ಹಾಗಾದರೆ ಒಳಗಿನ ಹುಕುಂ ಹೊರಗಿನ ಮೇಜಿಗೆ ಬರುವುದು ಹೇಗೆ? ಬೇಕಾದ ಪುಟದ ನಕಲು ತೆಗೆದು ಸಿಪಾಯಿಯ ಕೈಯಲ್ಲಿ ಕಳುಹಿಸುತ್ತೇವೆ. ಜೀವಕೋಶದ ವ್ಯವಸ್ಥೆಯೂ ಹೀಗೆಯೇ. ಕೋಶದ ನಡುವೆ ಕೋಶಕೇಂದ್ರ, ಅದರೊಳಗೆ ಡಿ.ಎನ್.ಎ., ಅಂದರೆ ಮೂಲ ಕಡತ. ಮನುಷ್ಯನ ಕಡತದಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. ಹೊರಗಿನ ಕೋಶದ್ರವ್ಯದಲ್ಲಿ ರೈಬೋಸೋಮುಗಳೆಂಬ ಮೇಜುಗಳಿದ್ದು, ಅಲ್ಲಿ ಪ್ರೋಟೀನುಗಳು ತಯಾರಾಗುತ್ತವೆ. ನಮ್ಮ ಸ್ನಾಯು, ರಕ್ತದ ಕೆಂಪು, ಅನ್ನ ಅರಗಿಸುವ ಕಿಣ್ವ ಎಲ್ಲವೂ ಪ್ರೋಟೀನೇ. ಒಳಗಿನಿಂದ ಹೊರಕ್ಕೆ ನಕಲನ್ನು ಒಯ್ಯುವುದೇ ಸಂದೇಶವಾಹಕ ಆರ್.ಎನ್.ಎ. ನಮ್ಮ ಕಡೆಯ ಹಳ್ಳಿಗಳಲ್ಲಿ ಗೌಡರ, ಕುಲಕರ್ಣಿಯವರ ಹೇಳಿಕೆಗಳನ್ನು ಹೊತ್ತು ತಿರುಗುತ್ತಿದ್ದ ವಾಲೀಕಾರ, ಅಂದರೆ ಓಲೆಕಾರ, ಇದ್ದನಲ್ಲ, ಅವನ ಕೆಲಸ ಇದರದ್ದು.

ಈಗ ಇದು ಇಷ್ಟು ಸುಲಭವಾಗಿ ಕಾಣುತ್ತದೆ. ಆದರೆ ಡಿ.ಎನ್.ಎ.ಯ ಹೆಣೆದ ಏಣಿಯಂಥ ರಚನೆಯನ್ನು ವಾಟ್ಸನ್ ಮತ್ತು ಕ್ರಿಕ್ 1953ರಲ್ಲಿ ಕಂಡುಹಿಡಿದ ಮೇಲೂ ಏಳು ವರ್ಷ ಈ ಓಲೆಕಾರ ಯಾರ ಕಣ್ಣಿಗೂ ಬೀಳಲಿಲ್ಲ. ಕಣ್ಣಿಗೆ ಬೀಳಲಿಲ್ಲವೆಂಬುದೂ ಸರಿಯಲ್ಲ. ಬಿದ್ದಿದ್ದ, ಯಾರೂ ಗುರುತು ಹಿಡಿಯಲಿಲ್ಲ. ಆಗಿನ ತಿಳುವಳಿಕೆ ಹೀಗಿತ್ತು: ಪ್ರತಿಯೊಂದು ರೈಬೋಸೋಮಿನಲ್ಲೂ ಹೇರಳವಾಗಿ ಆರ್.ಎನ್.ಎ. ಇದೆ, ಅದೇ ಆಜ್ಞೆ ಇರಬೇಕು, ಅಂದರೆ ಒಂದೊಂದು ವಂಶವಾಹಿಯೂ ತನ್ನದೇ ರೈಬೋಸೋಮನ್ನು ತಯಾರಿಸಿ ಕಳುಹಿಸುತ್ತದೆ, ಆ ರೈಬೋಸೋಮು ಜೀವನವಿಡೀ ಒಂದೇ ಪ್ರೋಟೀನನ್ನು ಮಾಡುತ್ತಿರುತ್ತದೆ. ಒಂದೊಂದು ಕಾಗದಕ್ಕೂ ಒಂದೊಂದು ಹೊಸ ಮೇಜು ಮಾಡಿಸಿದ ಹಾಗೆ! ಸರ್ಕಾರಿ ಕಚೇರಿಯಲ್ಲೂ ಇಂಥ ದುಂದು ನಡೆಯದು. 1958ರಲ್ಲಿ ಬೆಲೊಜೆರ್ಸ್ಕಿ ಮತ್ತು ಸ್ಪಿರಿನ್ ಎಂಬ ಸೋವಿಯತ್ ವಿಜ್ಞಾನಿಗಳು ಒಂದು ತೊಡಕನ್ನು ತೋರಿಸಿದರು. ಬೇರೆ ಬೇರೆ ಬ್ಯಾಕ್ಟೀರಿಯಗಳ ಡಿ.ಎನ್.ಎ.ಯಲ್ಲಿ ಅಕ್ಷರಗಳ ಪ್ರಮಾಣ ಬಹಳವೇ ಬೇರೆಯಾಗಿದ್ದರೂ ಅವುಗಳ ಆರ್.ಎನ್.ಎ.ಯಲ್ಲಿ ಮಾತ್ರ ಹೆಚ್ಚುಕಡಿಮೆ ಒಂದೇ ಆಗಿತ್ತು. ಮೂಲ ಬೇರೆ ಬೇರೆಯಾಗಿದ್ದು ನಕಲು ಒಂದೇ ಆಗುವುದುಂಟೆ? ಎಲ್ಲರೂ ತಲೆ ಕೆರೆದುಕೊಂಡರು.

ಇತ್ತ ಪ್ಯಾರಿಸ್ ನಗರದ ಪಾಶ್ಚರ್ ಸಂಸ್ಥೆಯಲ್ಲಿ ಇಬ್ಬರಿದ್ದರು. ಜಾಕ್ ಮೊನೊ, ಎರಡನೇ ಮಹಾಯುದ್ಧದಲ್ಲಿ ಜರ್ಮನರ ವಿರುದ್ಧ ಗುಪ್ತವಾಗಿ ಹೋರಾಡಿದವರು. ಫ್ರಾನ್ಸ್ವಾ ಜಾಕಬ್, ಶಸ್ತ್ರವೈದ್ಯನಾಗಬೇಕೆಂದಿದ್ದವರು, 1944ರಲ್ಲಿ ನಾರ್ಮಂಡಿಯಲ್ಲಿ ತೀವ್ರವಾಗಿ ಗಾಯಗೊಂಡು ಆ ಆಸೆ ಬಿಟ್ಟು ವಿಜ್ಞಾನಕ್ಕೆ ಬಂದವರು. 1957ರಲ್ಲಿ ಅಮೆರಿಕದಿಂದ ಆರ್ಥರ್ ಪಾರ್ಡಿ ಎಂಬವರು ಬಂದು ಇವರನ್ನು ಕೂಡಿಕೊಂಡರು. ಮೂವರ ಹೆಸರಿನ ಮೊದಲ ಅಕ್ಷರಗಳು ಸೇರಿ ಇವರ ಪ್ರಯೋಗಕ್ಕೆ 'ಪಾಜಾಮೊ' ಎಂದು ಹೆಸರಾಯಿತು. ಗೆಳೆಯರು ಅದನ್ನು ಪೈಜಾಮ ಪ್ರಯೋಗವೆಂದರು. ನಮ್ಮ ದೇಶದ ಪೈಜಾಮ ಹೀಗೆ ವಿಜ್ಞಾನದ ಚರಿತ್ರೆಯನ್ನೂ ಹೊಕ್ಕಿದೆ.

ಪ್ರಯೋಗ ಹೀಗೆ. ಹಾಲಿನ ಸಕ್ಕರೆಯನ್ನು ಒಡೆಯುವ ಕಿಣ್ವವೊಂದುಂಟು. ಅದನ್ನು ತಯಾರಿಸಲಾರದ ಬ್ಯಾಕ್ಟೀರಿಯದೊಳಕ್ಕೆ, ತಯಾರಿಸಬಲ್ಲ ಬ್ಯಾಕ್ಟೀರಿಯದಿಂದ ಆ ಒಂದು ವಂಶವಾಹಿ ಹೋಗುವಂತೆ ಮಾಡಿದರು. ಹಳೆಯ ತಿಳುವಳಿಕೆ ನಿಜವಾದರೆ ಹೊಸ ವಂಶವಾಹಿ ಮೊದಲು ತನ್ನ ರೈಬೋಸೋಮುಗಳನ್ನು ಕಟ್ಟಿಕೊಳ್ಳಬೇಕು, ಆಮೇಲೆ ಕಿಣ್ವ ನಿಧಾನವಾಗಿ ಹೆಚ್ಚುತ್ತ ಹೋಗಬೇಕು. ಹಾಗಾಗಲಿಲ್ಲ. ವಂಶವಾಹಿ ಒಳಹೊಕ್ಕ ಕೆಲವೇ ನಿಮಿಷಗಳಲ್ಲಿ ಕಿಣ್ವ ಪೂರ್ಣ ವೇಗದಲ್ಲಿ ತಯಾರಾಗತೊಡಗಿತು. ಪಾರ್ಡಿಯವರು ತಮ್ಮ ಊರಿಗೆ ಮರಳಿ, ಮೋನಿಕಾ ರೈಲಿ ಎಂಬ ವಿದ್ಯಾರ್ಥಿನಿಯೊಡನೆ ಇದನ್ನೇ ತಿರುವುಮುರುವು ಮಾಡಿ ನೋಡಿದರು. ಒಳಹೊಕ್ಕ ವಂಶವಾಹಿಯನ್ನು ನಾಶಮಾಡಿದರೆ ಕಿಣ್ವದ ತಯಾರಿಕೆಯೂ ಬೇಗನೆ ನಿಂತುಹೋಯಿತು. ಅಂದರೆ ಮೂಲಕ್ಕೂ ಮೇಜಿಗೂ ನಡುವೆ ಓಡಾಡುವ ಯಾವುದೋ ಅಲ್ಪಾಯುಷಿ ವಸ್ತುವೊಂದಿದೆ. ಹೆಸರಿಲ್ಲದ ಅದನ್ನು ಇವರು 'ಎಕ್ಸ್' ಎನ್ನುತ್ತಿದ್ದರು.

1960ರ ಏಪ್ರಿಲ್ 15, ಗುಡ್ ಫ್ರೈಡೆ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ, ಕಿಂಗ್ಸ್ ಕಾಲೇಜಿನಲ್ಲಿದ್ದ ಸಿಡ್ನಿ ಬ್ರೆನರ್ ಅವರ ಕೋಣೆಯಲ್ಲಿ ಕೆಲವರು ಹರಟೆಗೆ ಸೇರಿದ್ದರು. ಬ್ರೆನರ್ ದಕ್ಷಿಣ ಆಫ್ರಿಕದವರು. ಓದುಬರಹ ಬಾರದ, ಬೂಟು ರಿಪೇರಿ ಮಾಡಿ ಸಂಸಾರ ನಡೆಸಿದ ತಂದೆಯ ಮಗ. ಕ್ರಿಕ್ ಅಲ್ಲಿದ್ದರು, ಪ್ಯಾರಿಸ್ಸಿನಿಂದ ಬಂದ ಜಾಕಬ್ ಅವರೂ ಇದ್ದರು. ಜಾಕಬ್ ತಮ್ಮ ಪೈಜಾಮ ಪ್ರಯೋಗವನ್ನೂ ಪಾರ್ಡಿಯವರ ಹೊಸ ಸುದ್ದಿಯನ್ನೂ ಹೇಳುತ್ತಿದ್ದಂತೆ ಬ್ರೆನರ್ ಹಠಾತ್ತನೆ ಕೂಗಿಕೊಂಡರು. ಕ್ರಿಕ್ ಅವರೂ ಎದ್ದುನಿಂತರು. ಇಬ್ಬರೂ ಒಟ್ಟಿಗೇ ಮಾತಾಡತೊಡಗಿದರು. ಜಾಕಬ್ ಅವರಿಗೆ ಮೊದಲು ಏನೂ ತಿಳಿಯಲಿಲ್ಲವಂತೆ.

ಅವರಿಬ್ಬರಿಗೂ ನೆನಪಾದದ್ದು ನಾಲ್ಕು ವರ್ಷ ಹಳೆಯ ಒಂದು ಪ್ರಬಂಧ. ಅಮೆರಿಕದ ಓಕ್ ರಿಜ್, ಅಣುಬಾಂಬಿನ ಯುರೇನಿಯಂ ತಯಾರಾದ ಊರು. ಅಲ್ಲಿನ ಪ್ರಯೋಗಾಲಯದಲ್ಲಿ ಎಲಿಯಟ್ ವೋಲ್ಕಿನ್ ಮತ್ತು ಲಾಜರಸ್ ಅಸ್ಟ್ರಾಕನ್ ಎಂಬಿಬ್ಬರು 1956ರಲ್ಲಿ, ಬ್ಯಾಕ್ಟೀರಿಯವನ್ನು ಕೊಲ್ಲುವ ವೈರಸ್ ಒಂದನ್ನು ಪರೀಕ್ಷಿಸುತ್ತಿದ್ದಾಗ, ವೈರಸ್ ಒಳಹೊಕ್ಕ ಕೂಡಲೇ ಬಹಳ ಸ್ವಲ್ಪ ಪ್ರಮಾಣದ ಆರ್.ಎನ್.ಎ. ಹುಟ್ಟಿ ಅಷ್ಟೇ ಬೇಗ ಕರಗಿಹೋಗುವುದನ್ನು ಕಂಡರು. ಅದರ ಅಕ್ಷರಗಳ ಪ್ರಮಾಣ ಬ್ಯಾಕ್ಟೀರಿಯದ ಡಿ.ಎನ್.ಎ.ಯಂತಿರದೆ ವೈರಸ್ಸಿನ ಡಿ.ಎನ್.ಎ.ಯಂತಿತ್ತು. ಅದೇನೆಂದು ಅವರಿಗೆ ಹೊಳೆಯಲಿಲ್ಲ. ಇದ್ದದ್ದನ್ನು ಇದ್ದಂತೆ ಅಳೆದು ಬರೆದಿಟ್ಟರು. ಆ ಗುಡ್ ಫ್ರೈಡೆಯಂದು ಬೇರೆಯವರು ಅದನ್ನು ಓದಿದರು: ಇದೇ ಪ್ಯಾರಿಸ್ಸಿನವರ 'ಎಕ್ಸ್'! ರೈಬೋಸೋಮಿನಲ್ಲಿರುವ ಬಹುಪಾಲು ಆರ್.ಎನ್.ಎ. ಮೇಜಿನ ಮರ ಮಾತ್ರ, ಓಲೆ ಬೇರೆ.

ಈ ಇಡೀ ಕಥೆಯಲ್ಲಿ ನನ್ನ ಮನಸ್ಸಿಗೆ ಅತಿ ಹತ್ತಿರವಾದವರು ಈ ಇಬ್ಬರೇ. ಕಡತದಲ್ಲಿ ಸರಿಯಾದ ಷರಾ ಬರೆದಿಟ್ಟವನು ಒಬ್ಬ, ಅದರ ಆಧಾರದ ಮೇಲೆ ಹೆಸರು ಪಡೆದವನು ಇನ್ನೊಬ್ಬ. ಇದು ನಮ್ಮಂಥವರಿಗೆ ಹೊಸದಲ್ಲ. ಜಾಕಬ್, ಮೊನೊ ಅವರಿಗೆ ತಮ್ಮ ಹಿರಿಯ ಲ್ವೋಫ್ ಅವರೊಡನೆ 1965ರಲ್ಲಿ ನೊಬೆಲ್ ಬಹುಮಾನ ಬಂತು. ಬ್ರೆನರ್ ಅವರಿಗೆ ಬೇರೆ ಕೆಲಸಕ್ಕಾಗಿ 2002ರಲ್ಲಿ ಬಂತು. ವೋಲ್ಕಿನ್, ಅಸ್ಟ್ರಾಕನ್ ಅವರಿಗೆ ಬರಲಿಲ್ಲ. ವೋಲ್ಕಿನ್ ಅವರ ಹೆಸರನ್ನು ಓದುಗರು ನೆನಪಿಟ್ಟಿರಲಿ, ಮುಂದೆ ಮತ್ತೆ ಬರುತ್ತದೆ.

ಅದೇ ರಾತ್ರಿ ಕ್ರಿಕ್ ಅವರ ಮನೆಯಲ್ಲಿ ಔತಣ. ಎಲ್ಲರೂ ಕುಣಿದು ಕುಪ್ಪಳಿಸುತ್ತಿದ್ದರೆ ಬ್ರೆನರ್ ಮತ್ತು ಜಾಕಬ್ ಒಂದು ಮೂಲೆಯಲ್ಲಿ ಕುಳಿತು ಪ್ರಯೋಗದ ಲೆಕ್ಕ ಹಾಕುತ್ತಿದ್ದರು. ಜೂನ್ ತಿಂಗಳಲ್ಲಿ ಕ್ಯಾಲಿಫೋರ್ನಿಯಕ್ಕೆ ಹೋಗಿ, ಮ್ಯಾಥ್ಯೂ ಮೆಸೆಲ್ಸನ್ ಅವರ ಜೊತೆ ಕೆಲಸ ಆರಂಭಿಸಿದರು. ಬ್ಯಾಕ್ಟೀರಿಯವನ್ನು ಭಾರವಾದ ಆಹಾರದಲ್ಲಿ ಬೆಳೆಸಿದರೆ ಅದರ ರೈಬೋಸೋಮುಗಳೂ ಭಾರವಾಗಿರುತ್ತವೆ. ಆಮೇಲೆ ಹಗುರ ಆಹಾರಕ್ಕೆ ಹಾಕಿ ವೈರಸ್ ಬಿಡಬೇಕು. ವೈರಸ್ಸಿನ ಹೊಸ ಆರ್.ಎನ್.ಎ. ಹೊಸ ಹಗುರ ರೈಬೋಸೋಮಿನಲ್ಲಿ ಸಿಗುತ್ತದೆಯೋ, ಹಳೆಯ ಭಾರದ ರೈಬೋಸೋಮಿನ ಮೇಲೆ ಬಂದು ಕೂಡುತ್ತದೆಯೋ? ಸೀಸಿಯಂ ಲವಣದ ದ್ರಾವಣದಲ್ಲಿ ಅತಿವೇಗದಿಂದ ತಿರುಗಿಸಿದರೆ ಭಾರದ್ದು ಕೆಳಗೆ, ಹಗುರವಾದದ್ದು ಮೇಲೆ ನಿಲ್ಲುತ್ತದೆ. ಆದರೆ ರೈಬೋಸೋಮುಗಳು ದ್ರಾವಣದಲ್ಲಿ ಚೂರುಚೂರಾಗಿ ಹೋಗುತ್ತಿದ್ದವು. ಹಿಂತಿರುಗುವ ದಿನ ಹತ್ತಿರ ಬಂತು. ಬೇಸತ್ತು ಸಮುದ್ರದಂಡೆಗೆ ಹೋಗಿ ಮರಳಿನಲ್ಲಿ ಸುಮ್ಮನೆ ಬಿದ್ದುಕೊಂಡಿದ್ದಾಗ ಬ್ರೆನರ್ "ಮೆಗ್ನೀಸಿಯಂ!" ಎಂದು ಎದ್ದರಂತೆ. ರೈಬೋಸೋಮನ್ನು ಹಿಡಿದಿಟ್ಟುಕೊಳ್ಳುವುದು ಮೆಗ್ನೀಸಿಯಂ. ಸೀಸಿಯಂ ಅದನ್ನು ನೂಕಿಬಿಡುತ್ತಿತ್ತು. ಓಡಿಬಂದು ಧಾರಾಳವಾಗಿ ಮೆಗ್ನೀಸಿಯಂ ಸುರಿದರು. ಈ ಗಡಿಬಿಡಿಯಲ್ಲಿ ವಿಕಿರಣಶೀಲ ರಂಜಕ ನೀರಿನ ತೊಟ್ಟಿಗೆ ಬಿದ್ದು, ಆ ತೊಟ್ಟಿಯನ್ನು ಕೋಕಾ ಕೋಲಾ ಯಂತ್ರದ ಹಿಂದೆ ಬಚ್ಚಿಟ್ಟರೆಂದು ಜಾಕಬ್ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಕೊನೆಗೆ ಲೆಕ್ಕ ಬಂತು. ಹೊಸ ಓಲೆ ಹಳೆಯ ಮೇಜಿನ ಮೇಲೆಯೇ ಕೂತಿತ್ತು. ಅಂದರೆ ರೈಬೋಸೋಮಿಗೆ ತನ್ನದೆಂಬ ಆಜ್ಞೆಯಿಲ್ಲ. ಯಾವ ಓಲೆ ಬಂದರೂ ಓದಿ ಅದರಂತೆ ಮಾಡುತ್ತದೆ. ಈ ಕೊನೆಯ ವಾಕ್ಯವನ್ನು ದಯವಿಟ್ಟು ಮನಸ್ಸಿನಲ್ಲಿಟ್ಟುಕೊಳ್ಳಿ. ಅರವತ್ತು ವರ್ಷಗಳ ನಂತರ ಬಂದ ಲಸಿಕೆ ನಿಂತಿರುವುದು ಇದರ ಮೇಲೆಯೇ.

ಹಾರ್ವರ್ಡ್‌ನಲ್ಲಿ ವಾಟ್ಸನ್ ಅವರ ತಂಡಕ್ಕೂ ಅದೇ ಉತ್ತರ ಸಿಕ್ಕಿತ್ತು. ಎರಡು ಪ್ರಬಂಧಗಳೂ 1961ರ ಮೇ 13ರ 'ನೇಚರ್' ಪತ್ರಿಕೆಯಲ್ಲಿ ಒಟ್ಟಿಗೆ ಅಚ್ಚಾದವು. ಅದೇ ವರ್ಷ ಜಾಕಬ್ ಮತ್ತು ಮೊನೊ ಅದಕ್ಕೆ ಸಂದೇಶವಾಹಕ ಎಂಬ ಹೆಸರನ್ನಿಟ್ಟರು.

ಓಲೆಕಾರ ಸಿಕ್ಕಿದ, ಓಲೆಯ ಭಾಷೆ? ಪ್ರಬಂಧ ಅಚ್ಚಾದ ಎರಡೇ ವಾರಕ್ಕೆ, ಮೇ 27ರಂದು, ಅಮೆರಿಕದ ಬೆಥೆಸ್ಡಾದಲ್ಲಿ ಮಾರ್ಷಲ್ ನಿರೆನ್‌ಬರ್ಗ್ ಅವರ ಪ್ರಯೋಗಾಲಯದಲ್ಲಿ ಹೈನ್ರಿಕ್ ಮಥಾಯ್ ಎಂಬ ತರುಣ ವಿಜ್ಞಾನಿ, ಒಂದೇ ಅಕ್ಷರವನ್ನು ಮತ್ತೆ ಮತ್ತೆ ಬರೆದಂಥ ಕೃತಕ ಆರ್.ಎನ್.ಎ.ಯನ್ನು ಜೀವಕೋಶದ ರಸಕ್ಕೆ ಹಾಕಿದರು. ಒಂದೇ ಅಮೈನೋ ಆಮ್ಲ ಸಾಲಾಗಿ ಪೋಣಿಸಿಕೊಂಡು ಬಂತು. ಭಾಷೆಯ ಮೊದಲ ಶಬ್ದ ಸಿಕ್ಕಿತು. ಆಗಸ್ಟಿನಲ್ಲಿ ಮಾಸ್ಕೋದ ಸಮ್ಮೇಳನದಲ್ಲಿ ನಿರೆನ್‌ಬರ್ಗ್ ಇದನ್ನು ಹೇಳಿದಾಗ ಕೇಳಲು ಬೆರಳೆಣಿಕೆಯ ಮಂದಿ. ಅವರಲ್ಲೊಬ್ಬರಾದ ಮೆಸೆಲ್ಸನ್ ಓಡಿಹೋಗಿ ಕ್ರಿಕ್ ಅವರಿಗೆ ತಿಳಿಸಿ, ದೊಡ್ಡ ಸಭೆಯಲ್ಲಿ ಮತ್ತೊಮ್ಮೆ ಮಾತಾಡಿಸಿದರು.

ಉಳಿದ ಶಬ್ದಗಳನ್ನು ಬಿಡಿಸಿದವರಲ್ಲಿ ಹರಗೋವಿಂದ ಖುರಾನಾ ಮುಖ್ಯರು. ಇಲ್ಲಿ ನಾನು ಸ್ವಲ್ಪ ನಿಲ್ಲಬೇಕು. ಖುರಾನಾ ಹುಟ್ಟಿದ್ದು 1922ರಲ್ಲಿ, ಈಗ ಪಾಕಿಸ್ತಾನಕ್ಕೆ ಸೇರಿದ ಪಂಜಾಬಿನ ರಾಯಪುರ ಎಂಬ ಸುಮಾರು ನೂರು ಜನರ ಹಳ್ಳಿಯಲ್ಲಿ. ತಂದೆ ಅಲ್ಲಿನ ಪಟವಾರಿ, ನಮ್ಮ ಕಡೆಯ ಕುಲಕರ್ಣಿ ಇದ್ದ ಹಾಗೆ. ಊರಿನಲ್ಲಿ ಓದುಬರಹ ಬಲ್ಲದ್ದು ಹೆಚ್ಚುಕಡಿಮೆ ಅವರದೊಂದೇ ಮನೆ. ಮೊದಲ ನಾಲ್ಕು ವರ್ಷದ ಶಾಲೆ ಮರದ ಕೆಳಗೆ. ಲಾಹೋರಿನಲ್ಲಿ ಎಂ.ಎಸ್ಸಿ. ಮುಗಿಸಿ, 1945ರಲ್ಲಿ ಭಾರತ ಸರ್ಕಾರದ ವಿದ್ಯಾರ್ಥಿವೇತನದಿಂದ ಇಂಗ್ಲೆಂಡಿಗೆ ಹೋದರು. 1949ರಲ್ಲಿ ಸ್ವದೇಶಕ್ಕೆ ಮರಳಿದಾಗ ಇಲ್ಲಿ ಅವರಿಗೆ ಕೆಲಸ ಸಿಗಲಿಲ್ಲ. ಮತ್ತೆ ಹೊರಟರು. ಕೇಂಬ್ರಿಜ್, ವ್ಯಾಂಕೂವರ್, ವಿಸ್ಕಾನ್ಸಿನ್. ಎರಡು ಅಕ್ಷರ, ಮೂರು ಅಕ್ಷರಗಳನ್ನು ಗೊತ್ತಾದ ಕ್ರಮದಲ್ಲಿ ಮತ್ತೆ ಮತ್ತೆ ಜೋಡಿಸಿದ ಕೃತಕ ಆರ್.ಎನ್.ಎ. ಸರಗಳನ್ನು ತಯಾರಿಸಿ, ಯಾವ ಶಬ್ದಕ್ಕೆ ಯಾವ ಅಮೈನೋ ಆಮ್ಲವೆಂಬುದನ್ನು ಅನುಮಾನಕ್ಕೆಡೆಯಿಲ್ಲದಂತೆ ತೋರಿಸಿದರು. ಆರ್.ಎನ್.ಎ.ಯ ಅಕ್ಷರಗಳು ನಾಲ್ಕು, ಶಬ್ದವೆಂದರೆ ಮೂರು ಅಕ್ಷರ, ಹಾಗಾಗಿ ಶಬ್ದಗಳು 64. ಅವುಗಳಲ್ಲಿ 61 ಅಮೈನೋ ಆಮ್ಲಗಳನ್ನು ಸೂಚಿಸುತ್ತವೆ. ಉಳಿದ ಮೂರು ಪೂರ್ಣವಿರಾಮ. 1966ರ ಹೊತ್ತಿಗೆ ನಿಘಂಟು ಪೂರ್ತಿಯಾಯಿತು. 1968ರಲ್ಲಿ ಖುರಾನಾ, ನಿರೆನ್‌ಬರ್ಗ್ ಮತ್ತು ಹೋಲಿ ಅವರಿಗೆ ನೊಬೆಲ್ ಬಂತು. ಜಮೀನಿನ ಲೆಕ್ಕ ಬರೆಯುತ್ತಿದ್ದ ಪಟವಾರಿಯ ಮಗ ಜೀವದ ಖಾತೆಯನ್ನೇ ಓದಿಬಿಟ್ಟರು. ಗುಮಾಸ್ತರ ಕುಲಕ್ಕೆ ಇದಕ್ಕಿಂತ ದೊಡ್ಡ ಹೆಮ್ಮೆ ಇನ್ನೊಂದಿದೆಯೇ!

ಇಷ್ಟಾದರೂ ಓಲೆಕಾರನನ್ನು ಔಷಧಕ್ಕೆ ಬಳಸಬಹುದೆಂದು ಬಹುಕಾಲ ಹೆಚ್ಚಿನವರಿಗೆ ನಂಬಿಕೆ ಬರಲಿಲ್ಲ. ಕಾರಣ ಸರಳ: ಅದು ನಿಲ್ಲುವುದಿಲ್ಲ. ನಮ್ಮ ಬೆರಳ ತುದಿಯಲ್ಲೇ ಆರ್.ಎನ್.ಎ.ಯನ್ನು ತಿಂದುಹಾಕುವ ಕಿಣ್ವವಿದೆ. ಮುಟ್ಟಿದರೆ ಹಾಳು. 1984ರಲ್ಲಿ ಹಾರ್ವರ್ಡ್‌ನವರು ಬೇಕಾದ ಆರ್.ಎನ್.ಎ.ಯನ್ನು ಗಾಜಿನ ನಳಿಕೆಯಲ್ಲಿ ತಯಾರಿಸುವ ಬಗೆ ಕಂಡುಕೊಂಡರು. 1990ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಇಲಿಯ ಸ್ನಾಯುವಿಗೆ ಅದನ್ನು ಚುಚ್ಚಿದಾಗ ಇಲಿಯ ಕೋಶಗಳು ಓಲೆಯಂತೆ ಪ್ರೋಟೀನನ್ನು ಮಾಡಿದವು. ಆದರೆ ಹೊರಗಿನಿಂದ ಬಂದ ಆರ್.ಎನ್.ಎ.ಯನ್ನು ನಮ್ಮ ಶರೀರ ಶತ್ರುವೆಂದು ಬಗೆಯುತ್ತದೆ. ಎಷ್ಟೋ ವೈರಸ್ಸುಗಳ ಮೈಯೇ ಆರ್.ಎನ್.ಎ. ಆಗಿರುವುದರಿಂದ ಅದು ತಪ್ಪೂ ಅಲ್ಲ. ಉರಿಯೂತ ಏಳುತ್ತದೆ, ಕೆಲಸ ಕೆಡುತ್ತದೆ.

ಈ ಗಂಟನ್ನು ಬಿಡಿಸಿದವರು ಕತಾಲಿನ್ ಕರಿಕೋ. 1955ರಲ್ಲಿ ಹಂಗೇರಿಯಲ್ಲಿ ಕಸಾಯಿಯೊಬ್ಬರ ಮಗಳಾಗಿ ಹುಟ್ಟಿದವರು. 1985ರಲ್ಲಿ ಅಲ್ಲಿನ ಕೆಲಸ ಹೋದಾಗ ಕಾರು ಮಾರಿ, ಬಂದ ಸುಮಾರು 900 ಪೌಂಡನ್ನು ಎರಡು ವರ್ಷದ ಮಗಳ ಕರಡಿಗೊಂಬೆಯೊಳಗೆ ಹೊಲಿದು, ಗಂಡನೊಡನೆ ಅಮೆರಿಕಕ್ಕೆ ಹೋದರು. ಊರು ಬಿಟ್ಟು ಬಂದ ನಮಗೆಲ್ಲ ಆ ಬೊಂಬೆಯ ತೂಕ ತಿಳಿಯುತ್ತದೆ. ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದಲ್ಲಿ ಸಂದೇಶವಾಹಕ ಆರ್.ಎನ್.ಎ.ಯನ್ನೇ ಹಿಡಿದು ಕುಳಿತರು. ಧನಸಹಾಯದ ಅರ್ಜಿಗಳು ಒಂದೊಂದಾಗಿ ತಿರಸ್ಕೃತವಾದವು. 1995ರಲ್ಲಿ ಅವರಿಗೆ ಹಿಂಬಡ್ತಿಯೇ ಆಯಿತು. ಹಿಂಬಡ್ತಿ ಎಂದರೇನೆಂದು ಸರ್ಕಾರಿ ನೌಕರರಿಗೆ ವಿವರಿಸಬೇಕಾಗಿಲ್ಲ. ಕೆಳಗಿನ ಹುದ್ದೆ ಒಪ್ಪಿಕೊಂಡು ಕೆಲಸ ಮುಂದುವರಿಸಿದರು.

ಆ ದಶಕದ ಕೊನೆಯಲ್ಲಿ ಒಂದು ದಿನ ಜೆರಾಕ್ಸ್ ಯಂತ್ರದ ಬಳಿ ಡ್ರೂ ವೈಸ್‌ಮನ್ ಎಂಬ ವೈದ್ಯರ ಪರಿಚಯವಾಯಿತು. ಅವರು ಏಡ್ಸ್ ರೋಗಕ್ಕೆ ಲಸಿಕೆ ಹುಡುಕುತ್ತಿದ್ದರು. ನಕಲು ಯಂತ್ರದ ಮುಂದೆ ನಿಂತು ಇಬ್ಬರೂ ನಕಲಿನ ವಿಷಯವನ್ನೇ ಮಾತಾಡಿದರು. ಜೊತೆಗೂಡಿ ಕೆಲಸ ಮಾಡಿದಾಗ ಒಂದು ವಿಚಿತ್ರ ಕಂಡಿತು. ಕೃತಕ ಸಂದೇಶವಾಹಕ ಆರ್.ಎನ್.ಎ. ಉರಿಯೂತ ಎಬ್ಬಿಸುತ್ತಿತ್ತು, ಅಮೈನೋ ಆಮ್ಲಗಳನ್ನು ಹೊತ್ತು ತರುವ ಸಣ್ಣ ಆರ್.ಎನ್.ಎ. ಮಾತ್ರ ಎಬ್ಬಿಸುತ್ತಿರಲಿಲ್ಲ. ವ್ಯತ್ಯಾಸವೇನು? ಆ ಸಣ್ಣದರಲ್ಲಿ ಕೆಲವು ಅಕ್ಷರಗಳು ಸ್ವಲ್ಪ ತಿದ್ದಿದ ರೂಪದಲ್ಲಿರುತ್ತವೆ. ನಮ್ಮ ಶರೀರ ತನ್ನ ಆರ್.ಎನ್.ಎ.ಗೆ ಹೀಗೆ ಮುದ್ರೆಯೊತ್ತಿರುತ್ತದೆ. ಮುದ್ರೆಯಿಲ್ಲದ ಕಾಗದ ಬಂದರೆ ಕಾವಲುಗಾರ ತಡೆಯುತ್ತಾನೆ. ಸರಿ, ಯುರಿಡಿನ್ ಎಂಬ ಅಕ್ಷರದ ಬದಲು ಸ್ಯೂಡೋಯುರಿಡಿನ್ ಹಾಕಿ ನೋಡಿದರು. ಕಾವಲುಗಾರ ಸುಮ್ಮನಾದ. 2005ರಲ್ಲಿ ಇದು ಪ್ರಕಟವಾಯಿತು, ಗಮನಿಸಿದವರು ಕೆಲವರೇ. ಅಂದ ಹಾಗೆ, ಈ ಸ್ಯೂಡೋಯುರಿಡಿನ್‌ನ ಸುಳಿವು ಮೊದಲು ಸಿಕ್ಕಿದ್ದು 1951ರಲ್ಲಿ, ಅದೇ ಓಕ್ ರಿಜ್‌ನಲ್ಲಿ, ಕೋನ್ ಮತ್ತು ವೋಲ್ಕಿನ್ ಅವರಿಗೆ. ಅದೇ ವೋಲ್ಕಿನ್! ಓಲೆಯನ್ನೂ ಓಲೆಯ ಮುದ್ರೆಯನ್ನೂ ಕಂಡಿದ್ದ ಮನುಷ್ಯ. ಕರಿಕೋ ಮತ್ತು ವೈಸ್‌ಮನ್ ಅವರಿಗೆ 2023ರಲ್ಲಿ ನೊಬೆಲ್ ಬಂತು.

ಇನ್ನೊಂದು ತೊಡಕು ಉಳಿದಿತ್ತು, ಓಲೆಯನ್ನು ಒಯ್ಯಲು ಲಕೋಟೆ. ಕೆನಡಾದ ವ್ಯಾಂಕೂವರ್‌ನಲ್ಲಿ ಪೀಟರ್ ಕಲ್ಲಿಸ್ ಮತ್ತು ಅವರ ಜೊತೆಯವರು ಅತಿಸೂಕ್ಷ್ಮ ಕೊಬ್ಬಿನ ಹನಿಗಳನ್ನು ರೂಪಿಸಿದ್ದರು. ರಕ್ತದಲ್ಲಿದ್ದಾಗ ಸಾಧುವಾಗಿದ್ದು, ಕೋಶ ತನ್ನನ್ನು ನುಂಗಿ ಚೀಲದಲ್ಲಿಟ್ಟುಕೊಂಡಾಗ ಆ ಚೀಲದ ಹುಳಿಗೆ ಸ್ವಭಾವ ಬದಲಿಸಿ ಒಡೆದು, ಒಳಗಿನ ಆರ್.ಎನ್.ಎ.ಯನ್ನು ಕೋಶದ್ರವ್ಯಕ್ಕೆ ಬಿಡುವ ಹನಿಗಳು. ಬೇರೊಂದು ಜಾತಿಯ ಆರ್.ಎನ್.ಎ. ಔಷಧವೊಂದು ಈ ಲಕೋಟೆಯಲ್ಲಿ 2018ರಲ್ಲೇ ಬಳಕೆಗೆ ಬಂದಿತ್ತು.

ಹೀಗಾಗಿ 2020ರ ಲಸಿಕೆ ಒಂದೇ ವರ್ಷದಲ್ಲಿ ಹುಟ್ಟಿತೆಂಬುದು ಅರ್ಧ ಸತ್ಯ. ಕೊರೋನಾ ವೈರಸ್ಸಿನ ಸುಮಾರು 30,000 ಅಕ್ಷರಗಳ ಪಾಠ ಆ ವರ್ಷ ಜನವರಿ ಎರಡನೇ ವಾರ ಬಹಿರಂಗವಾಯಿತು. ವೈರಸ್ಸಿನ ಮೈಮೇಲಿನ ಮುಳ್ಳಿನ ಪ್ರೋಟೀನನ್ನೇ ಗುರಿಯಾಗಿಡಬೇಕು, ಅದು ಆಕಾರ ಕೆಡದಂತೆ 1,273 ಅಮೈನೋ ಆಮ್ಲಗಳಲ್ಲಿ ಎರಡನ್ನು ಬದಲಿಸಬೇಕು ಎಂಬುದು ಇನ್ನೊಂದು ಕೊರೋನಾ ವೈರಸ್ಸಿನ ಅಧ್ಯಯನದಿಂದ ಮೊದಲೇ ಗೊತ್ತಿತ್ತು. ಮಾಡರ್ನಾದವರು ಜನವರಿ 13ರಂದು ಓಲೆಯ ಪಾಠವನ್ನು ನಿರ್ಧರಿಸಿದರು. ಮಾರ್ಚ್ 16ರಂದು ಸಿಯಾಟಲ್‌ನಲ್ಲಿ ಮೊದಲ ಸ್ವಯಂಸೇವಕರ ತೋಳಿಗೆ ಚುಚ್ಚಿದ್ದಾಯಿತು. ಅರವತ್ಮೂರು ದಿನ. ಫೈಜರ್ ಮತ್ತು ಬಯೋಎನ್‌ಟೆಕ್ ಲಸಿಕೆ ಡಿಸೆಂಬರ್ 8ರಂದು ಇಂಗ್ಲೆಂಡಿನಲ್ಲಿ ಸಾರ್ವಜನಿಕರಿಗೆ ದೊರೆಯಿತು.

ಈಗ ಅತ್ತೆಯವರ ಪ್ರಶ್ನೆ. ಒಳಗೆ ಹೋಗಿ ಅದು ಏನು ಮಾಡುತ್ತದೆ? ಫೈಜರ್ ಲಸಿಕೆಯ ಒಂದು ಡೋಸಿನಲ್ಲಿ 30 ಮೈಕ್ರೋಗ್ರಾಂ ಆರ್.ಎನ್.ಎ. ಇತ್ತು, ಒಂದು ಗ್ರಾಮಿನಲ್ಲಿ ಮೂವತ್ತು ಸಾವಿರ ಜನರಿಗೆ ಆಗುವಷ್ಟು. ತೋಳಿನಲ್ಲಿ ಕೊಬ್ಬಿನ ಹನಿಯನ್ನು ಕೋಶ ನುಂಗುತ್ತದೆ. ಓಲೆ ಹೊರಬೀಳುತ್ತದೆ. ಯಾವ ಓಲೆ ಬಂದರೂ ಓದುವ ರೈಬೋಸೋಮು ಇದನ್ನೂ ಓದಿ, ವೈರಸ್ಸಿನ ಮುಳ್ಳನ್ನು ಮಾತ್ರ ತಯಾರಿಸುತ್ತದೆ. ಮುಳ್ಳೊಂದರಿಂದ ರೋಗ ಬಾರದು. ಶರೀರದ ರಕ್ಷಣಾ ಕೋಶಗಳು ಆ ಪರಕೀಯ ಮುಳ್ಳನ್ನು ಕಂಡು ಪ್ರತಿಕಾಯಗಳನ್ನು ಸಿದ್ಧಪಡಿಸಿ ಗುರುತನ್ನು ನೆನಪಿಟ್ಟುಕೊಳ್ಳುತ್ತವೆ. ಅಷ್ಟರಲ್ಲಿ ಓಲೆ, ಕೋಶದ ಸ್ವಂತ ಓಲೆಗಳಂತೆಯೇ, ಹರಿದು ಚೂರಾಗುತ್ತದೆ. ಈ ಎಲ್ಲ ವ್ಯವಹಾರ ನಡೆಯುವುದು ಹೊರಗಿನ ಮೇಜಿನಲ್ಲಿ. ರೆಕಾರ್ಡ್ ರೂಮಿನ ಮೂಲ ಕಡತಕ್ಕೆ ಆರ್.ಎನ್.ಎ.ಯನ್ನು ಹಿಂದಕ್ಕೆ ಬರೆಸಬೇಕಾದರೆ ಏಡ್ಸ್ ವೈರಸ್ಸಿನಲ್ಲಿರುವಂಥ ವಿಶೇಷ ಕಿಣ್ವಗಳು ಬೇಕು. ಲಸಿಕೆಯಲ್ಲಿ ಅವು ಇಲ್ಲ. ಹುಟ್ಟುಗುಣ ಇದ್ದಲ್ಲೇ ಇರುತ್ತದೆ.

ಲಸಿಕೆಯಿಂದ ಏನೂ ಆಗುವುದಿಲ್ಲವೆಂದು ನಾನು ಅಂದು ಹೇಳಿದ್ದೂ ಪೂರ್ತಿ ಸರಿಯಲ್ಲ. ಜ್ವರ, ಮೈಕೈ ನೋವು ಬಹುಮಂದಿಗೆ ಬಂದವು. ವಿರಳವಾಗಿ, ಅದರಲ್ಲೂ ತರುಣ ಗಂಡಸರಲ್ಲಿ ಎರಡನೇ ಡೋಸಿನ ನಂತರ, ಹೃದಯದ ಸ್ನಾಯುವಿನ ಊತ ಕಂಡುಬಂತು. ಅವರಲ್ಲಿ ಹೆಚ್ಚಿನವರು ಗುಣಹೊಂದಿದರು. ಮೊದಲ ಪರೀಕ್ಷೆಗಳಲ್ಲಿ ಸುಮಾರು 95 ಪ್ರತಿಶತ ಇದ್ದ ರಕ್ಷಣೆ, ವೈರಸ್ ರೂಪ ಬದಲಿಸಿದಂತೆ ಸೋಂಕಿನ ಮಟ್ಟಿಗೆ ಕೆಲವು ತಿಂಗಳಲ್ಲೇ ತಗ್ಗಿತು. ತೀವ್ರ ಕಾಯಿಲೆ ಮತ್ತು ಸಾವಿನಿಂದ ಕಾಪಾಡುವ ಶಕ್ತಿ ಹೆಚ್ಚು ಕಾಲ ಉಳಿಯಿತು. ಇದನ್ನೂ ಹೇಳಿದ್ದರೆ ಅತ್ತೆಯವರು ಹೆದರುತ್ತಿರಲಿಲ್ಲವೆಂದೇ ನನಗೀಗ ಅನ್ನಿಸುತ್ತದೆ. ಅವರು ಹೆದರಿದ್ದು ನಾನು ಉತ್ತರ ನುಂಗಿದ್ದಕ್ಕೆ.

ನಮ್ಮ ದೇಶದಲ್ಲಿ 2021ರ ಜನವರಿ 16ರಿಂದ ಕೊಟ್ಟ ಕೋವಿಶೀಲ್ಡ್, ಕೋವ್ಯಾಕ್ಸಿನ್ ಎರಡೂ ಈ ಜಾತಿಯವಲ್ಲ. ಆದರೆ ಓಲೆಕಾರ ನಮ್ಮ ಪುಣೆಗೂ ಬಂದ. ಇಲ್ಲಿನ ಜೆನ್ನೋವಾ ಸಂಸ್ಥೆಯ ಲಸಿಕೆಗೆ 2022ರ ಜೂನ್‌ನಲ್ಲಿ ತುರ್ತು ಅನುಮತಿ ದೊರೆಯಿತು. ಓಮಿಕ್ರಾನ್‌ಗೆಂದು ಮಾಡಿದ ರೂಪಕ್ಕೆ 2023ರ ಜೂನ್‌ನಲ್ಲಿ. ವಿದೇಶದ ಫೈಜರ್ ಲಸಿಕೆಗೆ ಮೊದಲು ಶೂನ್ಯಕ್ಕಿಂತ 70 ಡಿಗ್ರಿ ಕೆಳಗಿನ ಶೈತ್ಯ ಬೇಕಿತ್ತು. ಅದು ನಮ್ಮ ತಾಲ್ಲೂಕು ಆಸ್ಪತ್ರೆಗಳಿಗೆ ಆಗುವ ಮಾತೇ? ಪುಣೆಯವರು ಅದನ್ನು ಒಣಪುಡಿ ಮಾಡಿ, 2ರಿಂದ 8 ಡಿಗ್ರಿಯಲ್ಲಿ ಸಾಧಾರಣ ಫ್ರಿಜ್ಜಿನಲ್ಲೇ ಇಡುವಂತೆ ಮಾಡಿದ್ದಾರೆ. ಕೋಶದೊಳಗೆ ಹೋದ ಮೇಲೆ ತನ್ನ ನಕಲುಗಳನ್ನು ಕೆಲಕಾಲ ತಾನೇ ಹೆಚ್ಚಿಸಿಕೊಳ್ಳುವ ಬಗೆಯ ಓಲೆ ಅದು.

ಕಳೆದ ದೀಪಾವಳಿಗೆ ಅತ್ತೆಯವರು ಪುಣೆಗೆ ಬಂದಿದ್ದರು. ಚಹಾ ಕುಡಿಯುತ್ತ ಕುಳಿತಾಗ ರೆಕಾರ್ಡ್ ರೂಮು, ಮೇಜು, ವಾಲೀಕಾರ ಎಲ್ಲವನ್ನೂ ಹೇಳಿದೆ. ಮಧ್ಯೆ ಬಾಯಿ ಹಾಕದೆ ಕೇಳಿದರು. ಅವರ ತವರುಮನೆಗೆ ಬರುತ್ತಿದ್ದ ವಾಲೀಕಾರನ ನೆನಪು ಮಾಡಿಕೊಂಡು, "ಅಂವಾ ಹೊಸ್ತಿಲಾ ದಾಟಿ ದೇವರಮನಿ ತನಕಾ ಬರ್ತಿರಲಿಲ್ಲ ನೋಡ್ರಿ, ಕಟ್ಟಿ ಮ್ಯಾಲ ಕುಂತು ಹೇಳಿ ಹೋಗ್ತಿದ್ದ. ಇದೂ ಹಂಗs ಅನ್ರಿ" ಎಂದರು.

"ಹೌದ್ರಿ ಅತ್ತಿ, ಹಂಗs."

"ಹಂಗಾದ್ರ ಹುಬ್ಬಳ್ಳಿಗೆ ಫೋನ್ ಹಚ್ಚಿಕೊಡ್ರಿ. ನಮ್ಮ ತಂಗೀಗೂ ಒಂದೀಟು ಹೇಳ್ತೀನಿ" ಎಂದು ಕನ್ನಡಕ ಹುಡುಕತೊಡಗಿದರು.